ತಮಟೆ ಹಿಡಿದ ನಾಯಕರು, ಕೇಳಿಸಿಕೊಂಡ ಊರು

ಕೋಲಾರ

ಪ್ರೀತಿಯ ತಮ್ಮ,

ನೀನು ಕಳಿಸಿದ ಲೇಖನ ಓದಿದೆ. ಶಾಸಕರು ಜಾತ್ರೆಯಲ್ಲಿ ತಮಟೆ ಬಡಿದದ್ದು, ಮೊಬೈಲುಗಳು ಮೇಲೆದ್ದದ್ದು, ಶಿಳ್ಳೆ, ಎಲ್ಲ ಕಣ್ಣಿಗೆ ಕಟ್ಟುವ ಹಾಗಿದೆ. ಆದರೆ 'ಜನ ತಾಳಕ್ಕೆ ಮರುಳಾಗಿ ವೋಟು ಹಾಕಿದರು' ಅಂತ ಬರೆದಿದ್ದೀಯಲ್ಲ, ಅದನ್ನು ನಾನು ಒಪ್ಪುವುದಿಲ್ಲ. ನಮ್ಮ ಜನ ಹಾಡಿನ ನೆಪದಲ್ಲಿ ಮನುಷ್ಯನನ್ನು ಅಳೆಯುತ್ತಾರೆ. ಆ ಅಳತೆ ನಿನ್ನ ಬರಹದಲ್ಲಿ ಸಿಗಬೇಕು.

ನೀನೇ ಕೊಟ್ಟಿರುವ ಅಮೆರಿಕದ ಬಿಲ್ ಕ್ಲಿಂಟನ್ ಉದಾಹರಣೆ ತಗೋ. 1992ರ ಜೂನಿನಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ಟಿವಿಯಲ್ಲಿ ಸ್ಯಾಕ್ಸೊಫೋನ್ ನುಡಿಸಿದ್ದು ನಿಜ, ನವೆಂಬರಿನಲ್ಲಿ ಅಧ್ಯಕ್ಷರ ಚುನಾವಣೆ ಗೆದ್ದದ್ದೂ ನಿಜ. ಆದರೆ ಬಿದ್ದದ್ದು ಶೇ. 43ರಷ್ಟು ಮತ; ಮೂರನೆಯ ಅಭ್ಯರ್ಥಿ ರಾಸ್ ಪೆರೋ ಶೇ. 19ರಷ್ಟು ಬಾಚಿಕೊಂಡಿದ್ದರು, ದೇಶದಲ್ಲಿ ನಿರುದ್ಯೋಗ ಏರಿತ್ತು. ನಮ್ಮಲ್ಲೂ ನೋಡು. ಸಿದ್ದರಾಮಯ್ಯನವರು ಹುಡುಗರಾಗಿದ್ದಾಗಲೇ ವೀರಮಕ್ಕಳ ಕುಣಿತ ಕಲಿತವರು, 2022ರಲ್ಲೂ ತಮ್ಮೂರ ಜಾತ್ರೆಯಲ್ಲಿ ಹೆಜ್ಜೆ ಹಾಕಿದರು. ಆ ಹೆಜ್ಜೆ ಬಲ್ಲವರೇ 2018ರಲ್ಲಿ ಮೈಸೂರಿನ ಚಾಮುಂಡೇಶ್ವರಿ ಕ್ಷೇತ್ರದಲ್ಲಿ 36 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತರು. 'ನಮ್ಮವರು' ಅನ್ನಿಸಿಕೊಳ್ಳುವುದಕ್ಕೆ ಕುಣಿತ ಸಾಕಾಗಬಹುದು. ಗೆಲ್ಲುವುದಕ್ಕೆ ಜಾತಿ ಲೆಕ್ಕ, ನೀರು, ರಸ್ತೆ, ಎದುರಾಳಿ ಯಾರು ಅನ್ನುವುದು, ಎಲ್ಲ ಸೇರುತ್ತದೆ.

ತಮಟೆಯ ವಿಷಯಕ್ಕೆ ಬರೋಣ. ನಿನ್ನ ಲೇಖನದಲ್ಲಿ ಅದು ಬರೀ ಸದ್ದಾಗಿದೆ. ಬಡಿಯುವ ಮುಂಚೆ ಅದನ್ನು ಹುಲ್ಲಿನ ಬೆಂಕಿಗೆ ಒಡ್ಡಿ ಚರ್ಮ ಬಿಗಿಯಾಗುವ ತನಕ ಕಾಯಿಸುತ್ತಾರೆ. ನಡುನಡುವೆ ಬೆರಳಲ್ಲಿ ತಟ್ಟಿ ನೋಡುತ್ತಾರೆ. ಒಂದು ಕೈಲಿ ತೆಳ್ಳಗಿನ ಉದ್ದ ಕಡ್ಡಿ, ಇನ್ನೊಂದರಲ್ಲಿ ದಪ್ಪನೆಯ ಗಿಡ್ಡ ಕಡ್ಡಿ. ನಾಯಕರು ಬರುವುದು ಇದೆಲ್ಲ ಮುಗಿದ ಮೇಲೆ. ಇನ್ನೊಬ್ಬರ ಹೆಗಲಿಂದ ಬಿಡಿಸಿಕೊಂಡು, ಫೋಟೋಗೆ ನಾಲ್ಕು ಏಟು ಹಾಕಿ ವಾಪಸು ಕೊಡುತ್ತಾರೆ. ಕಡ್ಡಿ ಹಿಡಿದ ರೀತಿಯಲ್ಲೇ ಪಕ್ಕದ ಹುಡುಗನಿಗೆ ಗೊತ್ತಾಗಿಬಿಡುತ್ತದೆ, ಕೈ ಪಳಗಿದೆಯೋ ಇಲ್ಲವೋ ಅಂತ. ಆ ಹುಡುಗನ ಮುಖ ನೋಡಿದ್ಯಾ? ವಾದ್ಯ ಬಿಟ್ಟುಕೊಟ್ಟು ಬರಿಗೈಲಿ ನಿಂತವರ ಮುಖ ನೋಡಿದ್ಯಾ?

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಸಾವಿಗೆ, ಡಂಗುರಕ್ಕೆ ತಮಟೆ ಬಡಿಯುವುದನ್ನು ನಮ್ಮ ಊರುಗಳು ಒಂದು ಕೇರಿಯ ಮೇಲೆ ಚಾಕರಿಯಾಗಿ ಹೇರಿದ್ದವು. 1970ರ ದಶಕದಲ್ಲಿ ದಲಿತ ಚಳವಳಿ ಎದ್ದ ಮೇಲೆ 'ಇನ್ನು ಬಡಿಯುವುದಿಲ್ಲ' ಎಂದವರಿದ್ದಾರೆ. ಅದೇ ತಮಟೆ ಹೋರಾಟದ ಮೆರವಣಿಗೆಗಳಲ್ಲಿ ಸ್ವಾಭಿಮಾನದ ದನಿಯಾಗಿ ಮುಂದೆ ನಡೆಯಿತು. 2023ರಲ್ಲಿ ನಿನ್ನ ಚಿಕ್ಕಬಳ್ಳಾಪುರ ಜಿಲ್ಲೆಯ ಮುನಿವೆಂಕಟಪ್ಪನವರಿಗೆ ತಮಟೆಗಾಗಿಯೇ ಪದ್ಮಶ್ರೀ ಬಂತು. ಹೀಗಿರುವಾಗ ಮೇಲ್ಜಾತಿಯ ಶಾಸಕರೊಬ್ಬರು ಅದನ್ನು ಹೆಗಲಿಗೇರಿಸಿದರೆ ಒಂದು ಬೀದಿಗೆ ಗೌರವ ಅನ್ನಿಸುತ್ತದೆ, ಇನ್ನೊಂದಕ್ಕೆ ನಾಟಕ, ಮತ್ತೊಂದಕ್ಕೆ ಇರುಸುಮುರುಸು. ಮೂರು ಬೀದಿಯಲ್ಲೂ ವೋಟಿದೆ. ನೀನು ತೇರಿನ ಬೀದಿಯಲ್ಲೇ ನಿಂತು ಬರೆದಿದ್ದೀಯ.

ಗಡಿಯ ಭಾಷೆಯನ್ನೂ ಮರೆಯಬೇಡ. ಬಾಗೇಪಲ್ಲಿ ಕಡೆ ಬಹಳ ಮನೆಗಳಲ್ಲಿ ಮಾತು ತೆಲುಗು. ಭಾಷಣದ ನಡುವೆ ಸಂತಕವಿ ಕೈವಾರ ತಾತಯ್ಯನವರ ತೆಲುಗು ಪದದ ಒಂದು ಸಾಲು ಬಂದರೆ ಅಜ್ಜಿಯರು ಮುಂದಿನ ಸಾಲು ತಾವೇ ಎತ್ತಿಕೊಳ್ಳುತ್ತಾರೆ. ಅಲ್ಲಿಂದಾಚೆ ನಾಯಕರ ಬಾಯಿಗೆ ಪದ ಬಾರದಿದ್ದರೆ ಸಭೆಗೆ ಬೇರೆ ಯಾರೂ ಹೇಳಬೇಕಾಗಿಲ್ಲ.

ಇನ್ನೊಂದು ಕೆಲಸ ಮಾಡು. 2022ರಿಂದ ವಿಧಾನಸಭೆ ಅಭ್ಯರ್ಥಿಯ ಖರ್ಚಿನ ಮಿತಿ 40 ಲಕ್ಷ ರೂಪಾಯಿ. ಫಲಿತಾಂಶ ಬಂದ 30 ದಿನದೊಳಗೆ ಲೆಕ್ಕವನ್ನು ಜಿಲ್ಲಾ ಚುನಾವಣಾಧಿಕಾರಿಗೆ ಒಪ್ಪಿಸಬೇಕು, ಅದನ್ನು ಯಾರು ಬೇಕಾದರೂ ನೋಡಬಹುದು. ಪ್ರಚಾರಕ್ಕೆ ಕರೆಸಿದ ತಮಟೆ ತಂಡಕ್ಕೆ ಎಷ್ಟು ಬರೆದಿದ್ದಾರೆ ನೋಡು. ಆಮೇಲೆ ಆ ತಂಡದವರ ಮನೆಗೆ ಹೋಗಿ ಕೈಗೆ ಎಷ್ಟು ಬಂತು ಅಂತ ಕೇಳು. ಯಾರಿಗೆ ವೋಟು ಹಾಕಿದಿರಿ ಅಂತ ಮಾತ್ರ ಕೇಳಬೇಡ, ಅದು ಅವರ ಗುಟ್ಟು. ಹೊಸ ಪ್ರತಿಯನ್ನು ಸಂಪಾದಕರಿಗೆ ಕಳಿಸುವ ಮುಂಚೆ ನನಗೆ ತೋರಿಸು. ವಿಶೇಷಾಂಕಕ್ಕೆ ಇನ್ನೂ ಸಮಯವಿದೆ.

ನಿನ್ನ
ಅಣ್ಣ