ತಮ್ಮವರ ಅರ್ಜಿ ಇರೋ ಸುತ್ತಲ್ಲಿ ತಜ್ಞರು ಕೂರಬಾರದು

ಸಂಪಾದಕರೇ,

ಸರ್ಕಾರದ ದುಡ್ಡಿಗೆ ಬರೋ ಸಂಶೋಧನಾ ಅರ್ಜಿಗಳಿಗೆ ಅಂಕ ಕೊಡೋ ಸಮಿತಿಯಲ್ಲಿ ನಾನೂ ಒಮ್ಮೆ ಕೂತಿದ್ದೆ, ಫೈಲ್ ತೆಗೆದ್ರೆ ಮೊದಲ ಪುಟದಲ್ಲೇ ನನ್ನ ಹತ್ರ ಪಿಎಚ್‌ಡಿ ಮಾಡಿದ ಹುಡುಗನ ಹೆಸರು. ತಕ್ಷಣ ಹೇಳ್ದೆ. "ಸರಿ ಸರ್, ಆ ಅರ್ಜಿ ಬಂದಾಗ ಸ್ವಲ್ಪ ಹೊರಗಿರಿ" ಅಂದ್ರು, ಐದು ನಿಮಿಷ ಕಾರಿಡಾರಲ್ಲಿ ನಿಂತು ವಾಪಸ್ ಬಂದು ಅದೇ ಕುರ್ಚೀಲಿ ಕೂತು ಅವನ ಜೊತೆ ಪೈಪೋಟಿಗಿದ್ದ ಉಳಿದ ಅರ್ಜಿಗಳಿಗೆಲ್ಲ ನಾನೇ ಮಾರ್ಕ್ಸ್ ಹಾಕ್ದೆ. ಅವತ್ತು ಸುಮ್ಮನಿದ್ದದ್ದು ಇವತ್ತಿಗೂ ಚುಚ್ಚುತ್ತೆ.

ಹೊರಗೆ ಹೋದ್ರೆ ಸಾಲಲ್ಲ ಅನ್ನೋದಕ್ಕೆ ಪುರಾವೆನೂ ಇದೆ. ಸ್ವೀಡನ್ನಿನ ಸಂಶೋಧಕಿಯರಾದ ಕ್ರಿಸ್ಟೀನ್ ವೆನ್ನೆರೋಸ್ ಮತ್ತು ಆಗ್ನೆಸ್ ವೋಲ್ಡ್ ಅಲ್ಲಿನ ವೈದ್ಯಕೀಯ ಸಂಶೋಧನಾ ಮಂಡಳಿಯ ದಾಖಲೆ ತರಿಸಿ ನೋಡಿ 1997ರಲ್ಲಿ ಪ್ರಕಟಿಸಿದ್ರು: ಅರ್ಜಿದಾರರ ಜೊತೆ ನಂಟಿರೋ ಸದಸ್ಯರು ಅಂಕ ಕೊಡದೇ ಇದ್ರೂ ಉಳಿದವರು ಅಂಥ ಅರ್ಜಿದಾರರಿಗೆ ಜಾಸ್ತಿ ಅಂಕ ಕೊಟ್ಟಿದ್ರು. ಪಕ್ಕದಲ್ಲಿ ಕೂರೋರ ಮುಖ ನೋಡಿ ಅಂಕ ಬೀಳುತ್ತೆ.

ಸಂಶೋಧನೆಗೆ ಸರ್ಕಾರದ ದುಡ್ಡು ಕೊಡೋ ಅಮೆರಿಕದ ನ್ಯಾಷನಲ್ ಸೈನ್ಸ್ ಫೌಂಡೇಶನ್‌ಗೆ ಅರ್ಜಿ ಹಾಕೋರು ಹಿಂದಿನ 48 ತಿಂಗಳಲ್ಲಿ ತಮ್ಮ ಜೊತೆ ಪೇಪರ್ ಬರೆದವರ ಪಟ್ಟಿ ಕೊಡ್ಬೇಕು, ಪಿಎಚ್‌ಡಿ ಗೈಡ್ ವಿಷಯಕ್ಕಂತೂ ಕಾಲಮಿತೀನೇ ಇಲ್ಲ. ಎಲ್ಲಾ ಕಡೆ ಹೀಗೆ ಪಟ್ಟಿ ತರಿಸಿ, ಸಮಿತಿ ಮಾಡೋ ಮೊದಲೇ ತಾಳೆ ನೋಡಿ, ನಂಟಿರೋ ತಜ್ಞರನ್ನ ಆ ಸುತ್ತಿಂದಲೇ ಕೈಬಿಡಬೇಕು. ಚಿಕ್ಕ ವಿಷಯಗಳಲ್ಲಿ ತಜ್ಞರೇ ಕಮ್ಮಿ ಅಂತಾರೆ, ನಿಜ, ಅಂಥವನ್ನ ಹೊರದೇಶದವರಿಗೆ ಕಳಿಸಲಿ. ಹಾಂ, ನಂಟಷ್ಟೇ ಅಲ್ಲ, ಹಳೇ ಜಗಳ ಇದ್ರೂ ಹೇಳ್ಕೋಬೇಕು. ಯಾರು ಯಾವ ಕಾರಣಕ್ಕೆ ಹಿಂದೆ ಸರಿದ್ರು ಅನ್ನೋದೂ ಫಲಿತಾಂಶದ ಜೊತೆಗೇ ಪ್ರಕಟ ಆಗ್ಲಿ.

ಒಬ್ಬ ನಿವೃತ್ತ ಮೇಷ್ಟ್ರು