ಗೆಳೆಯನಿಗೊಂದು ಪತ್ರ: ಮೊದಲ ಸ್ಥಾನದ ಆಸ್ಪತ್ರೆ ಯಾವುದೆಂದು ಕೇಳಿದ್ದಕ್ಕೆ

ಪ್ರಿಯ ಮಿತ್ರ ಶ್ರೀಧರ,

ನಮಸ್ಕಾರ. ತಂದೆಯವರಿಗೆ ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆ ಆಗಬೇಕೆಂದು ತಿಳಿದು ಕಳವಳವಾಯಿತು. ನೀನು ಕಳುಹಿಸಿದ ‘ಅತ್ಯುತ್ತಮ ಹೃದ್ರೋಗ ಆಸ್ಪತ್ರೆ’ಗಳ ಪಟ್ಟಿಯನ್ನೂ ಓದಿದೆ. ಅದರಲ್ಲಿ ಮೊದಲ ಸ್ಥಾನ ಪಡೆದಿದೆ ಎಂಬ ಒಂದೇ ಕಾರಣಕ್ಕೆ ಆಸ್ಪತ್ರೆಯನ್ನು ನಿಶ್ಚಯಿಸಬೇಡ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ಅಮೆರಿಕದ ‘ಯು.ಎಸ್. ನ್ಯೂಸ್’ ಪತ್ರಿಕೆ 1990ರಲ್ಲಿ ಆರಂಭಿಸಿದ ಹೆಸರಾಂತ ಪಟ್ಟಿಯೂ ಮೊದಲಿಗೆ ವೈದ್ಯರ ಅಭಿಪ್ರಾಯಗಳನ್ನಷ್ಟೇ ಆಧರಿಸಿತ್ತು. ಅಭಿಪ್ರಾಯ ಕೇಳಿದರೆ ಯಾರಿಗೆ ಎಷ್ಟು ಹೆಸರಿದೆ ಎಂಬುದು ತಿಳಿಯುತ್ತದೆಯೇ ಹೊರತು ರೋಗಿಗಳು ಹೇಗೆ ಮನೆಗೆ ಮರಳಿದರು ಎಂಬುದು ತಿಳಿಯುವುದಿಲ್ಲ.

ಸಾವಿನ ಲೆಕ್ಕವನ್ನೇ ಪ್ರಕಟಿಸಬಹುದಲ್ಲವೇ ಎಂದು ನೀನು ಕೇಳಬಹುದು. ನ್ಯೂಯಾರ್ಕ್ ರಾಜ್ಯ 1989ರಿಂದ ಬೈಪಾಸ್ ಶಸ್ತ್ರಚಿಕಿತ್ಸೆಗಳ ವಿವರವನ್ನು, ರೋಗಿಯ ವಯಸ್ಸು ಮತ್ತು ಕಾಯಿಲೆಯ ತೀವ್ರತೆಯನ್ನು ಗಣನೆಗೆ ತೆಗೆದುಕೊಂಡು, ಸಂಗ್ರಹಿಸತೊಡಗಿತು. 1991ರಲ್ಲಿ ‘ನ್ಯೂಸ್‌ಡೇ’ ಪತ್ರಿಕೆ ನ್ಯಾಯಾಲಯದ ಮೊರೆಹೋಗಿ ಶಸ್ತ್ರಚಿಕಿತ್ಸಕರ ಹೆಸರುಸಹಿತ ಅಂಕಿಗಳನ್ನು ಪಡೆದು ಅಚ್ಚು ಹಾಕಿತು. ಆ ಲೆಕ್ಕದಿಂದ ಒಳ್ಳೆಯದೂ ಆಗಿದೆ. ರೋಗಿಗಳ ಸ್ಥಿತಿಗೆ ಹೊಂದಿಸಿ ಲೆಕ್ಕ ಹಾಕಿದಾಗ, 1989ರಲ್ಲಿ 100ಕ್ಕೆ 4.17ರಷ್ಟಿದ್ದ ಮರಣ ಪ್ರಮಾಣ 1992ರ ವೇಳೆಗೆ 2.45ಕ್ಕೆ ಇಳಿಯಿತು. ಆದರೆ ಹೆಸರು ಬಯಲಾಗುವ ಭಯ ಮತ್ತೊಂದು ಕಡೆಯಿಂದ ರೋಗಿಗಳನ್ನೇ ತಟ್ಟಿತು. ಅಲ್ಲಿನ ಆಂಜಿಯೋಪ್ಲಾಸ್ಟಿ (ಕಟ್ಟಿಕೊಂಡ ಹೃದಯದ ರಕ್ತನಾಳವನ್ನು ಬಲೂನಿನಿಂದ ತೆರೆಯುವ ಚಿಕಿತ್ಸೆ) ತಜ್ಞರ ನಡುವೆ ನಡೆಸಿ 2005ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ತೀರಾ ಗಂಭೀರ ಸ್ಥಿತಿಯ ರೋಗಿಗೆ ಚಿಕಿತ್ಸೆ ಮಾಡಬೇಕೋ ಬೇಡವೋ ಎಂಬ ತಮ್ಮ ತೀರ್ಮಾನದ ಮೇಲೆ ಸಾವಿನ ಲೆಕ್ಕದ ಪ್ರಕಟಣೆ ಪ್ರಭಾವ ಬೀರಿದೆ ಎಂದು ಉತ್ತರಿಸಿದವರಲ್ಲಿ 100ಕ್ಕೆ 79 ಮಂದಿ ಒಪ್ಪಿಕೊಂಡರು. ಅತ್ಯಂತ ಅಗತ್ಯವಿದ್ದ ರೋಗಿಯೇ ವೈದ್ಯರಿಗೆ ಬೇಡವಾಗುವಂತೆ ಮಾಡಿದ ಇಂಥ ಏರ್ಪಾಡನ್ನು ನಾನು ಹೇಗೆ ಮೆಚ್ಚಲಿ?

ಸಂಖ್ಯೆಗಳೂ ಬಹಳ ಸಣ್ಣವು. ವರ್ಷಕ್ಕೆ 100 ಬೈಪಾಸ್ ಮಾಡುವ, ಸರಾಸರಿ ಇಬ್ಬರನ್ನು ಕಳೆದುಕೊಳ್ಳುವ ವೈದ್ಯರ ಕೈಯಲ್ಲಿ ಒಂದು ವರ್ಷ ಯಾರೂ ಸಾಯದಿರಬಹುದು, ಮರುವರ್ಷ ನಾಲ್ವರು ತೀರಿಕೊಳ್ಳಬಹುದು; ಅವರ ಕೌಶಲ ಮಾತ್ರ ಇದ್ದಂತೆಯೇ ಇರುತ್ತದೆ. ಪಟ್ಟಿಯಲ್ಲಿ ಮಾತ್ರ ಅವರು ಮೇಲಿಂದ ಕೆಳಗೆ ಬಿದ್ದಿರುತ್ತಾರೆ. ನಮ್ಮ ದೇಶದಲ್ಲಿ ವೈದ್ಯರ ಹೆಸರಿನೊಂದಿಗೆ ಇಂಥ ಲೆಕ್ಕವನ್ನು ಜನರ ಮುಂದಿಡುವ ಪದ್ಧತಿಯೇ ಇಲ್ಲ. ಆಸ್ಪತ್ರೆಗಳ ಗುಣಮಟ್ಟ ಪರಿಶೀಲಿಸುವ ರಾಷ್ಟ್ರೀಯ ಮಂಡಳಿಯಾದ ಎನ್‌ಎಬಿಎಚ್ ನೀಡುವ ಮಾನ್ಯತೆ ಉಪಯುಕ್ತವಾದದ್ದೇ, ಆದರೆ ಅದು ಆಸ್ಪತ್ರೆ ನಿಗದಿತ ಮಟ್ಟ ಮುಟ್ಟಿದೆಯೆಂದು ಹೇಳುತ್ತದೆಯೇ ವಿನಾ ಯಾರು ಮೊದಲು, ಯಾರು ಎರಡನೆಯವರು ಎಂದು ಹೇಳುವುದಿಲ್ಲ.

ತಂದೆಯವರಿಗೆ ಸಕ್ಕರೆ ಕಾಯಿಲೆಯಿದೆ, ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಏರಿದೆ, ಹೃದಯದ ಸ್ಕ್ಯಾನ್ ಆದ ಎಕೋದಲ್ಲಿ ಹೃದಯದ ಪಂಪಿಂಗ್ ಕಡಿಮೆ ಬಂದಿದೆ ಎಂದು ಬರೆದಿದ್ದೀಯ. ಇಂಥವರಿಗೆ ಈ ತಂಡ ಎಷ್ಟು ಬಾರಿ ಬೈಪಾಸ್ ಮಾಡಿದೆ, ರಾತ್ರಿ ಐಸಿಯುನಲ್ಲಿ ಯಾವ ಹಿರಿಯ ವೈದ್ಯರಿರುತ್ತಾರೆ, ಡಯಾಲಿಸಿಸ್ ಬೇಕಾದರೆ ಅದೇ ಕಟ್ಟಡದಲ್ಲಿ ಆಗುತ್ತದೆಯೇ, ಹಾಸನಕ್ಕೆ ಮರಳಿದ ಮೇಲೆ ಜ್ವರ ಬಂದರೆ ಅಥವಾ ಗಾಯದಲ್ಲಿ ಕೀವಾದರೆ ಯಾರಿಗೆ ಫೋನ್ ಮಾಡಬೇಕು ಎಂಬುದನ್ನೆಲ್ಲ ಸಂಕೋಚವಿಲ್ಲದೆ ಕೇಳು. ಅವರನ್ನು ಇಷ್ಟು ವರ್ಷ ನೋಡಿಕೊಂಡು ಬಂದಿರುವ ನಿಮ್ಮೂರಿನ ವೈದ್ಯರ ಸಲಹೆಯನ್ನೂ ಪಡೆ. ಹೊರಡುವಾಗ ಆಂಜಿಯೋಗ್ರಾಮ್ ಸಿ.ಡಿ., ಹಳೆಯ ರಕ್ತಪರೀಕ್ಷೆಯ ವರದಿಗಳು, ಈಗ ನುಂಗುತ್ತಿರುವ ಮಾತ್ರೆಗಳ ಚೀಟಿ ಎಲ್ಲವನ್ನೂ ಜೊತೆಯಲ್ಲಿ ತೆಗೆದುಕೊಂಡು ಹೋಗು.

ಇಂತಿ ನಿನ್ನ ಗೆಳೆಯ,
ಮಂಜುನಾಥ