ಅವರಿಗೆ ಕಲಿಸಿದವರು ಯಾರು?

ಈ ಸಂಚಿಕೆ ಇಂದು ರಾತ್ರಿಯೇ ಮುಗಿಯಬೇಕು. ಗಣೇಶ ಹಬ್ಬದ ಬಗ್ಗೆ ಬರೆಯಲು ಕುಳಿತವಳು ನಾನು. ಕಳೆದ ಭಾನುವಾರ ಕನ್ನಡ ತರಗತಿಯಲ್ಲಿ ಹುಡುಗಿಯೊಬ್ಬಳು ಕೇಳಿದ ಪ್ರಶ್ನೆ ಬೇರೆ ಏನನ್ನೂ ಬರೆಯಲು ಬಿಡುತ್ತಿಲ್ಲ.

ಆಗಸ್ಟ್ 14 ನವಾಹೊ ಸಂಕೇತಭಾಷಿಕರ ದಿನ. ಎರಡನೇ ಮಹಾಯುದ್ಧದಲ್ಲಿ ತಮ್ಮ ನುಡಿಯನ್ನೇ ಸಂಕೇತವಾಗಿಸಿ ಅಮೆರಿಕದ ಸೇನೆಯ ಗುಟ್ಟಿನ ಸಂದೇಶಗಳನ್ನು ದಾಟಿಸಿದ, ಇಲ್ಲಿನ ಮೂಲನಿವಾಸಿ ನವಾಹೊ ಸೈನಿಕರು ಅವರು. ಅರಿಜೋನಾದಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ಆ ಕಥೆ ಗೊತ್ತು. "ಆಂಟಿ, ಅವರಿಗೆ ನವಾಹೊ ಕಲಿಸಿದವರು ಯಾರು? ಅವರಿಗೂ ಭಾನುವಾರದ ತರಗತಿ ಇತ್ತೇ?" ಎಂದಳು.

ತರಗತಿಯ ಮಾತಿರಲಿ, ಇದ್ದ ವಸತಿ ಶಾಲೆಗಳು ಆ ಭಾಷೆಯನ್ನು ಮರೆಸುವುದಕ್ಕೇ ಇದ್ದವು. ಆ ಸಂಕೇತಭಾಷಿಕರಲ್ಲಿ ಒಬ್ಬರಾದ ಚೆಸ್ಟರ್ ನೆಜ್ ಅವರಿಗೆ 'ಚೆಸ್ಟರ್' ಎಂದು ಹೆಸರಿಟ್ಟದ್ದೂ ಶಾಲೆಯವರೇ. ನವಾಹೊದಲ್ಲಿ ಮಾತನಾಡಿದ ಮಕ್ಕಳ ಬಾಯಿಯನ್ನು ಅಲ್ಲಿ ಸೋಪಿನಿಂದ ತೊಳೆಯುತ್ತಿದ್ದರು. ನೆಜ್ ಅವರಿಗೆ ಮಾತು ದಕ್ಕಿದ್ದು ಅಜ್ಜಿಯ ಮನೆಯಲ್ಲಿ, ಕುರಿ ಕಾಯುತ್ತಾ. 1942ರಲ್ಲಿ ಅಮೆರಿಕದ ಮರೀನ್ ಪಡೆಗೆ ಅದೇ ಮಾತು ಬೇಕಾಯಿತು. ಮೊದಲು ಸೇರಿದ 29 ತರುಣರಲ್ಲಿ ನೆಜ್ ಒಬ್ಬರು. ಯುದ್ಧ ಮುಗಿಯುವ ಹೊತ್ತಿಗೆ ಅವರು ಸುಮಾರು 400 ಮಂದಿ. ಅವರ ಸಂಕೇತದಲ್ಲಿ ನವಾಹೊ ಪದಗಳೇ ಗುಟ್ಟಿನ ಹೆಸರುಗಳು: ಟ್ಯಾಂಕಿಗೆ ಆಮೆ, ಜಲಾಂತರ್ಗಾಮಿಗೆ ಕಬ್ಬಿಣದ ಮೀನು, ಬಾಂಬಿಗೆ ಮೊಟ್ಟೆ. ಹಾಗೆ ಹೆಸರಿಲ್ಲದ್ದನ್ನು ಹೇಳಲು ಇಂಗ್ಲಿಷಿನ ಒಂದೊಂದು ಅಕ್ಷರಕ್ಕೂ ಒಂದು ನವಾಹೊ ಪದ. ಎಲ್ಲವನ್ನೂ ಬಾಯಿಪಾಠ ಮಾಡಿದರು, ರಣರಂಗಕ್ಕೆ ಪುಸ್ತಕ ಒಯ್ಯುವಂತಿರಲಿಲ್ಲ. ಫಿಲಿಪ್ಪೀನ್ಸಿನಲ್ಲಿ ಸೆರೆಸಿಕ್ಕ ಜೋ ಕಿಯೂಮಿಯಾ ಎಂಬ ನವಾಹೊ ಸೈನಿಕನಿಗೆ ಜಪಾನೀಯರು ಚಿತ್ರಹಿಂಸೆ ಕೊಟ್ಟು ಅರ್ಥ ಕೇಳಿದರು. ಸಂಕೇತ ಕಲಿಯದ ಆತನಿಗೆ ಪದಗಳು ತಿಳಿದವು, ಸಂದೇಶ ತಿಳಿಯಲಿಲ್ಲ. 1945ರಲ್ಲಿ ಜಪಾನಿನ ಇವೊ ಜಿಮಾ ದ್ವೀಪದ ಕದನದಲ್ಲಿ ಆರು ಜನ ಸಂಕೇತಭಾಷಿಕರು ಮೊದಲ ಎರಡು ದಿನ ಹಗಲಿರುಳು ಕುಳಿತು 800ಕ್ಕೂ ಹೆಚ್ಚು ಸಂದೇಶಗಳನ್ನು ಒಂದು ತಪ್ಪೂ ಇಲ್ಲದೆ ದಾಟಿಸಿದರು.

ಮನೆಗೆ ಮರಳಿದ ಮೇಲೆ ಇದನ್ನು ಯಾರಿಗೂ ಹೇಳುವಂತಿರಲಿಲ್ಲ. ಗುಟ್ಟು ಬಿಟ್ಟುಕೊಟ್ಟದ್ದು 1968ರಲ್ಲಿ, ಮೊದಲ 29 ಮಂದಿಗೆ ಚಿನ್ನದ ಪದಕ ಬಂದದ್ದು 2001ರಲ್ಲಿ. ಅಷ್ಟರಲ್ಲಿ ಹೆಚ್ಚಿನವರು ತೀರಿಹೋಗಿದ್ದರು. ಅರಿಜೋನಾದಲ್ಲಿ ಮೂಲನಿವಾಸಿಗಳಿಗೆ ಮತ ಹಾಕುವ ಹಕ್ಕು ಸಿಕ್ಕಿದ್ದೂ 1948ರಲ್ಲಿ, ಯುದ್ಧ ಮುಗಿದ ಮೇಲೆ. ಇದು ಅನ್ಯಾಯ; ಮಕ್ಕಳಿಗೆ ಕಥೆ ಹೇಳುವಾಗ ಇದನ್ನೂ ಹೇಳಬೇಕು.

ಅಪ್ಪ ಇಲ್ಲಿಗೆ ಬಂದಿದ್ದಾಗ ಮಾನ್ಯುಮೆಂಟ್ ವ್ಯಾಲಿಗೆ ಹೋಗುವ ದಾರಿಯಲ್ಲಿ ನವಾಹೊ ನಾಡಿನ ಕಯೆಂಟಾ ಊರಿನ ಬರ್ಗರ್ ಕಿಂಗ್‌ನಲ್ಲಿ ಇಳಿದಿದ್ದೆವು. ನಿಮ್ಮಲ್ಲಿ ಹಲವರು ಅಲ್ಲಿ ಇಳಿದಿರುತ್ತೀರಿ. ಅದರ ಮಾಲೀಕರ ತಂದೆ ಕಿಂಗ್ ಮೈಕ್ ಸಂಕೇತಭಾಷಿಕರಾಗಿದ್ದವರು; ಯುದ್ಧದಿಂದ ತಂದ ವಸ್ತುಗಳನ್ನೂ ಫೋಟೋಗಳನ್ನೂ ಗಾಜಿನ ಪೆಟ್ಟಿಗೆಗಳಲ್ಲಿ ಇಟ್ಟಿದ್ದರು. ಅಪ್ಪ ಹಳ್ಳಿ ಶಾಲೆಯ ಮೇಷ್ಟ್ರಾಗಿದ್ದವರು. ಪೆಟ್ಟಿಗೆಯಿಂದ ಪೆಟ್ಟಿಗೆಗೆ ನಡೆಸಿಕೊಂಡು ಹೋಗಿ ಪ್ರತಿ ಚೀಟಿಯನ್ನೂ ನನ್ನಿಂದ ಕನ್ನಡದಲ್ಲಿ ಓದಿಸಿದರು. ತಟ್ಟೆಯಲ್ಲಿದ್ದ ಆಲೂಗಡ್ಡೆ ಆರಿ ಮೆತ್ತಗಾಯಿತು, ಮಗ ಗೊಣಗತೊಡಗಿದ, ಅವರು ಕದಲಲಿಲ್ಲ. ನಾನು ಓದಿದ ಇಂಗ್ಲಿಷ್ ಶಾಲೆಯಲ್ಲಿ ಕನ್ನಡ ಮಾತನಾಡಿದರೆ ಎಂಟಾಣೆ ದಂಡವಿತ್ತು. ಸೋಮವಾರ ಬೆಳಿಗ್ಗೆ ನನ್ನ ಕಂಪಾಸ್ ಪೆಟ್ಟಿಗೆಯಲ್ಲಿ ಚಿಲ್ಲರೆ ಹಾಕಿ, "ದಂಡ ಕಟ್ಟು, ಮಾತು ಬಿಡಬೇಡ" ಎನ್ನುತ್ತಿದ್ದವರು ಅವರೇ. ಸೋಪಿನ ವಿಷಯ ಓದಿ ಹೇಳಿದಾಗ ಕನ್ನಡಕ ತೆಗೆದು ಒರೆಸಿಕೊಂಡರು. "ಆ ಮಕ್ಕಳ ಅಜ್ಜಿಯರ ಫೋಟೋ ಎಲ್ಲಿದೆ, ನೋಡು" ಎಂದರು.

ಹುಡುಗಿಗೆ ನಾನು ಕೊಟ್ಟ ಉತ್ತರವೂ ಅದೇ: ಅಜ್ಜಿಯರು ಕಲಿಸಿದರು.

ಇನ್ನು ಸೂಚನೆಗಳು. ಗಣೇಶ ಹಬ್ಬದ ಊಟಕ್ಕೆ ಹೆಸರು ಕೊಡಲು ಈ ತಿಂಗಳ 20 ಕೊನೆಯ ದಿನ. ಕಡುಬು ಮಾಡುವ ಕೈಗಳು ಸಾಲವು, ಹಿಂದಿನ ಸಂಜೆಯೇ ಬನ್ನಿ. ಮಂಟಪದ ಸಾಮಾನು ಯಾರ ಗ್ಯಾರೇಜಿನಲ್ಲಿದೆಯೋ ಅವರು ದಯವಿಟ್ಟು ಫೋನ್ ಮಾಡಿ. ರಾಜ್ಯೋತ್ಸವ ನಾಟಕದ ತಾಲೀಮು ಮುಂದಿನ ಶನಿವಾರದಿಂದ. ದಸರಾ ಬೊಂಬೆಗಳ ಪಟ್ಟಿ ಮುಂದಿನ ಸಂಚಿಕೆಯಲ್ಲಿ.

ನಮ್ಮ ಕನ್ನಡ ತರಗತಿಯ ಶಿಕ್ಷಕ ದಂಪತಿ ಮೈಸೂರಿಗೆ ಮರಳುತ್ತಿದ್ದಾರೆ. ಸೆಪ್ಟೆಂಬರಿನಿಂದ ಕಿರಿಯರ ಗುಂಪಿಗೆ ಕಲಿಸುವವರಿಲ್ಲ. ಹಬ್ಬದ ಕೆಲಸ, ಈ ಪತ್ರಿಕೆ, ತರಗತಿ ಎಲ್ಲವನ್ನೂ ನಾವು ನಾಲ್ಕೈದು ಜನರೇ ನಡೆಸಲು ಆಗುತ್ತಿಲ್ಲ. ವಾರಕ್ಕೊಂದು ಗಂಟೆ ಕೊಡಿ. ಊರಿನಿಂದ ಬಂದ ಅಜ್ಜಿ ತಾತಂದಿರು ಮನೆಯಲ್ಲಿದ್ದರೆ ಅವರನ್ನು ಕಳುಹಿಸಿಕೊಡಿ. ಪಾಠ ಮಾಡಬೇಕಿಲ್ಲ, ಮಕ್ಕಳೊಂದಿಗೆ ಕುಳಿತು ಮಾತನಾಡಿದರೆ ಸಾಕು. ಕರೆತರುವ, ಮನೆಗೆ ಬಿಡುವ ಕಾರಿನ ಹೊಣೆ ನಮ್ಮದು.

— ಸಂಪಾದಕಿ